ನೀರು ಮೊದಲು, ಗಿಡ ನಂತರ, ಮೀನು ಕೊನೆಗೆ: ಸಣ್ಣ ಸಿಹಿನೀರ ಮೀನುಗಳಿಗೆ ಜಲಸಸ್ಯಗಳನ್ನು ಹೊಂದಿಸುವ ಬಗೆ

(ಅಕ್ವೇರಿಯಂ ಆಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೇ,

ಮನೆಗೆ ಮೀನಿನ ತೊಟ್ಟಿ ತರುವವರು ಸಾಮಾನ್ಯವಾಗಿ ಮೊದಲು ಮೀನನ್ನು ಆರಿಸುತ್ತಾರೆ. ತೊಟ್ಟಿ ಬೋಳಾಗಿ ಕಾಣುತ್ತದೆಂದು ಆಮೇಲೆ ಒಂದಷ್ಟು ಗಿಡ ತರುತ್ತಾರೆ. ನೀರು ಎಂಥದ್ದು ಎಂದು ವಿಚಾರಿಸುವ ಹೊತ್ತಿಗೆ ಗಿಡದ ಎಲೆ ಕೊಳೆತು, ಮೀನು ಮೂಲೆ ಸೇರಿರುತ್ತದೆ. ಈ ಕ್ರಮವನ್ನು ಪೂರ್ತಿ ತಿರುವಿ ಹಾಕಬೇಕೆಂಬುದೇ ಇಂದು ನಾನು ನಿಮ್ಮ ಮುಂದೆ ಇಡಬಯಸುವ ವಿಚಾರ. ನಿಮ್ಮ ಮನೆಯ ನೀರು ಯಾವುದೆಂದು ಮೊದಲು ತಿಳಿಯಿರಿ, ಆ ನೀರಿನಲ್ಲಿ ತಾನಾಗಿ ಬೆಳೆಯುವ ಗಿಡಗಳನ್ನು ಆಮೇಲೆ ನೆಡಿ, ಆ ಗಿಡಗಳ ನಡುವೆ ಬದುಕಬಲ್ಲ ಮೀನನ್ನು ಕೊನೆಯಲ್ಲಿ ತನ್ನಿ. ಹೀಗೆ ಮಾಡಿದವರ ತೊಟ್ಟಿಯಲ್ಲಿ ಔಷಧಿಯ ಬಾಟಲಿಗಳಿಗೆ ಹೆಚ್ಚು ಕೆಲಸವಿರುವುದಿಲ್ಲ.

ಗಿಡವನ್ನೂ ಮೀನನ್ನೂ ಒಂದೇ ಗಾಜಿನ ಪಾತ್ರೆಯಲ್ಲಿ ಜೊತೆಗೂಡಿಸಿ ಸಾಕುವ ವೈಜ್ಞಾನಿಕ ಪ್ರಯತ್ನಕ್ಕೆ 170 ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಸುಮಾರು 12 ಗ್ಯಾಲನ್ ಹಿಡಿಯುವ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್‌ಗಳನ್ನು ಬಿಟ್ಟು, ಪಟ್ಟಿಯಂಥ ಉದ್ದ ಎಲೆಯ ವ್ಯಾಲಿಸ್ನೇರಿಯ ಗಿಡವನ್ನು ನೆಟ್ಟರು. ಆ ಪಾತ್ರೆಯ ಅಳತೆ ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಎರಡು ಅಡಿ ತೊಟ್ಟಿಗೆ ಹೆಚ್ಚು ಕಡಿಮೆ ಸಮ. ಕೆಲವು ಕಾಲದ ನಂತರ ಹಳೆಯ ಎಲೆಗಳು ಕೊಳೆತು ನೀರು ಕೆಟ್ಟಿತು, ಗಾಜಿಗೆ ಪಾಚಿ ಕಟ್ಟಿತು. ಆಗ ಅವರು ಕೊಳದ ಬಸವನಹುಳುಗಳನ್ನು ತಂದು ಬಿಟ್ಟರು. ಹುಳುಗಳು ಕೊಳೆತ ಎಲೆಯನ್ನೂ ಪಾಚಿಯನ್ನೂ ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ಮತ್ತೆ ತಿಳಿಯಾಯಿತು. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ಹೀರಿ ಆಮ್ಲಜನಕವನ್ನು ಮರಳಿ ಕೊಡುತ್ತದೆ ಎಂಬ ಲೆಕ್ಕಾಚಾರದಿಂದ ಆರಂಭವಾದ ಆ ಪ್ರಯೋಗ ಮೂರನೆಯ ಜೀವಿಯೊಂದು ಸೇರುವವರೆಗೆ ಸಮತೋಲಕ್ಕೆ ಬರಲಿಲ್ಲ.

ಆಮ್ಲಜನಕದ ಬಗೆಗಿನ ಆ ಲೆಕ್ಕ ಇಂದಿಗೂ ಜನರ ಬಾಯಲ್ಲಿದೆ, ಆದರೆ ಅದು ಅರ್ಧ ಮಾತ್ರ ಸರಿ. ತೊಟ್ಟಿಯ ನೀರಿಗೆ ಆಮ್ಲಜನಕ ಬಹುಪಾಲು ಮೇಲ್ಮೈಯಿಂದ, ಗಾಳಿಯೊಡನೆ ಆಗುವ ವಿನಿಮಯದಿಂದ ಸೇರುತ್ತದೆ. ಗಿಡ ಹಗಲಲ್ಲಿ ಆಮ್ಲಜನಕವನ್ನು ಕೊಡುವುದು ನಿಜ, ರಾತ್ರಿ ದೀಪವಾರಿದ ಮೇಲೆ ಅದೂ ಮೀನಿನಂತೆಯೇ ಉಸಿರಾಡುತ್ತದೆ. ಆದ್ದರಿಂದ ದಟ್ಟವಾಗಿ ಗಿಡ ತುಂಬಿದ ತೊಟ್ಟಿಯಲ್ಲಿ ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತು ಬೆಳಗಿನ ಜಾವ. ನಿಮ್ಮ ಮೀನುಗಳು ಮುಂಜಾನೆ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಉಸಿರೆಳೆಯುತ್ತಿದ್ದು, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಿದ್ದರೆ ಕಾರಣ ಇದೇ ಇರಬಹುದು. ರಾತ್ರಿ ಮಾತ್ರ ಏರ್ ಪಂಪ್ ಓಡಿಸುವುದು ಇದಕ್ಕೆ ಸರಳ ಪರಿಹಾರ.

ಗಿಡ ಮೀನಿಗೆ ಮಾಡುವ ನಿಜವಾದ ದೊಡ್ಡ ಉಪಕಾರ ಬೇರೆ ಇದೆ. ಮೀನು ತನ್ನ ದೇಹದ ಸಾರಜನಕದ ತ್ಯಾಜ್ಯವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಬಿಡುತ್ತದೆ. ನೀರಿನಲ್ಲಿ ಅದರ ಒಂದು ಪಾಲು ಅಮೋನಿಯಂ ಅಯಾನಾಗಿ, ಇನ್ನೊಂದು ಪಾಲು ವಿಷಕಾರಿಯಾದ ಸ್ವತಂತ್ರ ಅಮೋನಿಯಾ ಆಗಿ ಇರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಿನ ಪಿಎಚ್, ಅಂದರೆ ಆಮ್ಲೀಯತೆ-ಕ್ಷಾರೀಯತೆಯ ಅಳತೆ, 7 ಇದ್ದರೆ ಒಟ್ಟು ಪ್ರಮಾಣದಲ್ಲಿ ಸ್ವತಂತ್ರ ಅಮೋನಿಯಾದ ಪಾಲು ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಅದು ಸುಮಾರು ಶೇಕಡಾ 5 ಆಗುತ್ತದೆ, 9ಕ್ಕೆ ಏರಿದರೆ ಮೂರನೇ ಒಂದು ಭಾಗವನ್ನು ದಾಟುತ್ತದೆ. ಅಂದರೆ ಒಂದೇ ಸಂಖ್ಯೆಯ ಮೀನು, ಒಂದೇ ಪ್ರಮಾಣದ ಆಹಾರವಿದ್ದರೂ ಕ್ಷಾರೀಯ ನೀರಿನ ತೊಟ್ಟಿಯಲ್ಲಿ ಅಪಾಯ ಹಲವು ಪಟ್ಟು ಹೆಚ್ಚು. ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮೊದಲು ನೈಟ್ರೈಟಾಗಿಯೂ ನಂತರ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ, ಆದರೆ ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ವಾರಗಳೇ ಬೇಕು. ಚುರುಕಾಗಿ ಬೆಳೆಯುವ ಜಲಸಸ್ಯಗಳಲ್ಲಿ ಹೆಚ್ಚಿನವು ನೈಟ್ರೇಟಿಗಿಂತ ಅಮೋನಿಯಂ ಅನ್ನೇ ಮೊದಲು ಹೀರಿಕೊಳ್ಳುತ್ತವೆ. ಹಾಗಾಗಿ ಬೆಳೆಯುತ್ತಿರುವ ಗಿಡಗಳಿಂದ ತುಂಬಿದ ತೊಟ್ಟಿ ಆ ಮೊದಲ ವಾರಗಳಲ್ಲಿಯೂ ಮೀನಿಗೆ ಸುರಕ್ಷಿತವಾಗಿರಬಲ್ಲದು. ಇಲ್ಲಿ ‘ಬೆಳೆಯುತ್ತಿರುವ’ ಎಂಬುದೇ ಮುಖ್ಯ. ಬಾಡುತ್ತಿರುವ ಗಿಡ ಅಮೋನಿಯಾವನ್ನು ತೆಗೆಯುವುದಿಲ್ಲ, ತಾನೇ ಕೊಳೆತು ಅದನ್ನು ನೀರಿಗೆ ಸೇರಿಸುತ್ತದೆ. ನೀರಿಗೆ ಹೊಂದದ ಗಿಡವನ್ನು ಅಂದಕ್ಕಾಗಿ ತರಬಾರದೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕಾಗಿ.

ಹಾಗಾದರೆ ನಮ್ಮ ನೀರು ಎಂಥದ್ದು? ಬಯಲುಸೀಮೆಯ ಊರುಗಳಲ್ಲಿ, ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ನಲ್ಲಿಗೆ ಬರುವುದು ಬೋರ್‌ವೆಲ್ ನೀರು. ಬಹಳ ಕಡೆ ಅದು ಸುಣ್ಣದಂಥ ಲವಣಗಳು ಹೆಚ್ಚಿರುವ ಗಡಸು ನೀರು, ಪಿಎಚ್ ಕೂಡ 7ಕ್ಕಿಂತ ಮೇಲೆಯೇ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿಯನ್ನು ಇಟ್ಟು, ಬೇರೆ ಮೂಲವಿಲ್ಲದ ಕಡೆ 600ರವರೆಗೆ ಒಪ್ಪಿಕೊಂಡಿದೆ. ಈ ಎರಡು ಅಂಕಿಗಳ ನಡುವೆ ಜಲಸಸ್ಯಗಳ ಲೋಕವೇ ಬದಲಾಗಿಬಿಡುತ್ತದೆ. ಕಾವೇರಿ ನೀರು ಸಾಮಾನ್ಯವಾಗಿ ಬೋರ್‌ವೆಲ್ ನೀರಿಗಿಂತ ಮೆದು. ಮಲೆನಾಡಿನ ಮತ್ತು ಕರಾವಳಿಯ ಹಳ್ಳ-ತೊರೆಗಳ ನೀರು ಇನ್ನೂ ಮೆದು, ಏಕೆಂದರೆ ಧೋ ಎಂದು ಸುರಿಯುವ ಮಳೆ ಅಲ್ಲಿನ ಕಲ್ಲುಮಣ್ಣುಗಳ ಸುಣ್ಣವನ್ನು ಎಂದೋ ತೊಳೆದುಕೊಂಡು ಹೋಗಿದೆ. ಬಣ್ಣದ ದ್ರವ ಹಾಕಿ ನೋಡುವ ಪರೀಕ್ಷಾ ಕಿಟ್‌ನಿಂದ ಪಿಎಚ್ ಮತ್ತು ಗಡಸುತನ ಎರಡನ್ನೂ ಮನೆಯಲ್ಲೇ ತಿಳಿಯಬಹುದು. ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ತಳಕ್ಕೆ ಹಾಕಲು ಅಂಗಡಿಯವರು ಕೊಡುವ ಬಿಳಿ ಅಮೃತಶಿಲೆಯ ಚೂರುಗಳು ಸುಣ್ಣವೇ ಆದ್ದರಿಂದ ನಿಧಾನವಾಗಿ ಕರಗುತ್ತ ಮೆದು ನೀರನ್ನೂ ಗಡಸು ಮಾಡುತ್ತವೆ.

ಗಡಸು ನೀರಿನವರು ಕೈಚೆಲ್ಲಬೇಕಿಲ್ಲ. ಜಲಸಸ್ಯಕ್ಕೆ ಬೇಕಾದ ಇಂಗಾಲ ಎರಡು ರೂಪದಲ್ಲಿ ಸಿಗುತ್ತದೆ, ಒಂದು ಕರಗಿದ ಇಂಗಾಲದ ಡೈಆಕ್ಸೈಡ್, ಇನ್ನೊಂದು ಬೈಕಾರ್ಬೊನೇಟ್. ಗಾಳಿಯೊಡನೆ ಸಮತೋಲದಲ್ಲಿರುವ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಅರ್ಧ ಮಿಲಿಗ್ರಾಂನ ಆಸುಪಾಸು ಮಾತ್ರ ಇರುತ್ತದೆ. ಇದು ಬಹಳ ಕಡಿಮೆ. ಗಡಸು, ಕ್ಷಾರೀಯ ನೀರಿನಲ್ಲಿ ಬೈಕಾರ್ಬೊನೇಟ್ ಧಾರಾಳವಾಗಿದ್ದರೂ ಎಲ್ಲ ಗಿಡಗಳಿಗೂ ಅದನ್ನು ಬಳಸುವ ಶಕ್ತಿ ಇಲ್ಲ. ವ್ಯಾಲಿಸ್ನೇರಿಯ, ಹೈಡ್ರಿಲ್ಲ ಮತ್ತು ಬೇರೇ ಇಲ್ಲದ ಹಾರ್ನ್‌ವರ್ಟ್‌ಗಳಿಗೆ ಆ ಶಕ್ತಿಯಿದೆ, ಮತ್ತು ಮೂರೂ ನಮ್ಮ ದೇಶದ ಕೆರೆ-ಕಾಲುವೆಗಳಲ್ಲಿ ಬೆಳೆಯುವಂಥವು. ಬಿರುಬೆಳಕಿನಲ್ಲಿ ಹೈಡ್ರಿಲ್ಲದ ಎಲೆಯ ಮೇಲೆ ಬೆಳ್ಳಗೆ ಸುಣ್ಣದ ಪೊರೆ ಕಟ್ಟುವುದನ್ನು ನೀವು ಕಂಡಿದ್ದರೆ, ಅದು ಬೈಕಾರ್ಬೊನೇಟಿನಿಂದ ಇಂಗಾಲವನ್ನು ಕಿತ್ತುಕೊಂಡ ಗಿಡ ಉಳಿಸಿದ ಗುರುತು. ಅದೇ ನೀರಿನಲ್ಲಿ ಕೆಂಪೆಲೆಯ ರೊಟಾಲ ಮ್ಯಾಕ್ರಾಂಡ್ರವನ್ನು ನೆಟ್ಟರೆ ಅದು ಸೊರಗುತ್ತದೆ. ಅದೂ ಭಾರತದ್ದೇ ಗಿಡ, ಪಶ್ಚಿಮ ಘಟ್ಟದ ಕಡೆಯದು. ಮೆದು ನೀರು, ಬಲವಾದ ಬೆಳಕು, ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಮೂರೂ ಅದಕ್ಕೆ ಬೇಕು. ಗಿಡ ನಮ್ಮ ದೇಶದ್ದೆಂದ ಮಾತ್ರಕ್ಕೆ ನಮ್ಮ ನಲ್ಲಿಯ ನೀರಿಗೆ ಒಗ್ಗುತ್ತದೆ ಎಂದುಕೊಳ್ಳಬಾರದು.

ಮೆದು ನೀರಿರುವವರಿಗೆ ನಾನು ಮೊದಲು ಹೇಳುವ ಗಿಡ ಕ್ರಿಪ್ಟೊಕೊರೈನ್. ಶ್ರೀಲಂಕಾದ ವೆಂಡ್ಟಿ ಪ್ರಭೇದ ಎಲ್ಲ ಕಡೆ ಸಿಗುತ್ತದೆ, ಮಧ್ಯಮ ಗಡಸುತನವನ್ನೂ ತಾಳಿಕೊಳ್ಳುತ್ತದೆ. ನಮ್ಮ ಘಟ್ಟದ ಹೊಳೆಗಳಲ್ಲಿ ಇದೇ ಕುಲದ ಸ್ಪೈರಾಲಿಸ್ ಮತ್ತು ರೆಟ್ರೊಸ್ಪೈರಾಲಿಸ್ ಎಂಬ ಪ್ರಭೇದಗಳಿವೆ. ಹೊಳೆಯ ಪಾತ್ರದಲ್ಲಿ ಬೇರೂರುವ ರೆಟ್ರೊಸ್ಪೈರಾಲಿಸ್ ಮಳೆಗಾಲದಲ್ಲಿ ಪೂರ್ತಿ ಮುಳುಗಿರುತ್ತದೆ, ನೀರು ಇಳಿದಾಗ ಹೂಬಿಡುತ್ತದೆ. ವರ್ಷದ ಒಂದು ಭಾಗ ನೀರೊಳಗೆ, ಇನ್ನೊಂದು ಭಾಗ ಹೊರಗೆ ಎಂಬ ಈ ಬಾಳುವೆಯನ್ನು ಅರ್ಥಮಾಡಿಕೊಂಡರೆ ಅಕ್ವೇರಿಯಂನ ದೊಡ್ಡ ಗೊಂದಲವೊಂದು ಬಗೆಹರಿಯುತ್ತದೆ. ನರ್ಸರಿಗಳು ಇಂಥ ಗಿಡಗಳನ್ನು ಹೆಚ್ಚಾಗಿ ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತವೆ. ಗಾಳಿಯಲ್ಲಿ ಬೆಳೆದ ಎಲೆ ನೀರಿನೊಳಗೆ ಬಾಳುವುದಿಲ್ಲ. ತಂದು ನೆಟ್ಟ ಕೆಲವೇ ದಿನಗಳಲ್ಲಿ ಎಲೆಗಳೆಲ್ಲ ಕರಗಿದಾಗ ಗಿಡ ಸತ್ತಿತೆಂದು ಕಿತ್ತೆಸೆಯುವವರು ಬಹಳ. ಬೇರು ಗಟ್ಟಿಯಾಗಿದ್ದರೆ ಕರಗಿದ ಎಲೆಗಳನ್ನಷ್ಟೇ ಕತ್ತರಿಸಿ ತೆಗೆದು ಕಾಯಿರಿ, ನೀರಿಗೆ ತಕ್ಕ ಹೊಸ ಎಲೆ ಬುಡದಿಂದಲೇ ಮೂಡುತ್ತದೆ. ಆದರೆ ಆ ಕರಗುವ ಅವಧಿಯಲ್ಲಿ ತೊಟ್ಟಿಯಲ್ಲಿ ಮೀನಿರಬಾರದು. ಮೀನು ಕೊನೆಗೆ ಬರಬೇಕೆನ್ನಲು ಇದೂ ಒಂದು ಕಾರಣ.

ತಳದ ವಿಚಾರಕ್ಕೆ ಬಂದಾಗ ಒಬ್ಬ ವ್ಯಕ್ತಿಯನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ, 1800-01ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟಿಷ್ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು, ಕೆನರಾ ಮತ್ತು ಮಲಬಾರ್ ಸೀಮೆಗಳನ್ನು ಸುತ್ತಿ ಬೆಳೆ, ಮಣ್ಣು, ಕಸುಬುಗಳನ್ನೆಲ್ಲ ದಾಖಲಿಸಿದ. ನಮ್ಮ ಕರಾವಳಿಯ ಮನೆಗಳ ಗೋಡೆಗಳಲ್ಲಿರುವ ಜಂಬಿಟ್ಟಿಗೆ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಅವನೇ, ಮಲಬಾರಿನ ಅಂಗಡಿಪುರಂನಲ್ಲಿ ಅದನ್ನು ಕಂಡು. ಮುಂದೆ ಹ್ಯಾಮಿಲ್ಟನ್ ಎಂಬ ಕುಲನಾಮವನ್ನು ಇಟ್ಟುಕೊಂಡ ಅದೇ ವ್ಯಕ್ತಿ 1822ರಲ್ಲಿ ಗಂಗಾ ನದಿ ವ್ಯವಸ್ಥೆಯ ಮೀನುಗಳನ್ನು ವರ್ಣಿಸಿ ಪ್ರಕಟಿಸಿದ. ಜೀಬ್ರಾ ಡೇನಿಯೊ, ಹನಿ ಗೌರಾಮಿ, ರೋಸಿ ಬಾರ್ಬ್, ಸ್ಕಾರ್ಲೆಟ್ ಬ್ಯಾಡಿಸ್, ಇಂದು ಪ್ರಪಂಚದ ಅಕ್ವೇರಿಯಂಗಳಲ್ಲಿರುವ ಈ ನಾಲ್ಕೂ ಸಣ್ಣ ಮೀನುಗಳ ವೈಜ್ಞಾನಿಕ ಹೆಸರಿನ ಮುಂದೆ ‘ಹ್ಯಾಮಿಲ್ಟನ್, 1822’ ಎಂದಿದೆ. ಕಬ್ಬಿಣದ ಅಂಶ ಹೇರಳವಾಗಿರುವ ಲ್ಯಾಟರೈಟನ್ನು ಕಳೆದ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಅಕ್ವೇರಿಯಂ ಆಸಕ್ತರು ಗಿಡಗಳಿಗಾಗಿ ತಳದ ಮರಳಿಗೆ ಬೆರೆಸತೊಡಗಿದರು. ತಳದಲ್ಲಿ ಆಮ್ಲಜನಕ ಕಡಿಮೆಯಾದಾಗ ಅದರ ಕಬ್ಬಿಣ ಬೇರುಗಳಿಗೆ ದಕ್ಕುವ ರೂಪಕ್ಕೆ ಬರುತ್ತದೆ. ಕರಾವಳಿಯವರು ಪುಡಿ ಮಾಡಿ ತೊಳೆದ ಜಂಬಿಟ್ಟಿಗೆಯನ್ನು ತಳದಲ್ಲಿ ತೆಳುವಾಗಿ ಹರಡಿ, ಅದರ ಮೇಲೆ ಎರಡು-ಮೂರು ಅಂಗುಲ ಮರಳು ಹೊದಿಸಬಹುದು. ಅದನ್ನು ಮೇಲೆ ಏಳಗೊಟ್ಟರೆ ಮಾತ್ರ ನೀರು ಕೆಂಪಗೆ ಕದಡುತ್ತದೆ.

ಈಗ ಮೀನುಗಳಿಗೆ ಬರೋಣ. ಯಾವ ಮೀನಿಗೆ ಯಾವ ಗಿಡ ಎಂದು ಕೇಳುವ ಮುನ್ನ, ಆ ಮೀನು ಗಿಡವನ್ನು ಏನು ಮಾಡುತ್ತದೆ ಎಂದು ಕೇಳಬೇಕು. ತಿನ್ನುತ್ತದೆಯೇ, ಬುಡವನ್ನು ಕೆದಕುತ್ತದೆಯೇ, ಮರೆಯಾಗಿ ಬಳಸುತ್ತದೆಯೇ, ಅದರಲ್ಲಿ ಮೊಟ್ಟೆ ಇಡುತ್ತದೆಯೇ?

ಜೀಬ್ರಾ ಡೇನಿಯೊ ನಿಸರ್ಗದಲ್ಲಿ ಗದ್ದೆಯಂಚಿನ ಕಾಲುವೆ, ನಿಧಾನವಾಗಿ ಹರಿಯುವ ತೊರೆಯ ಬದಿಗಳಲ್ಲಿ ಗುಂಪಾಗಿ ಇರುವ ಮೀನು. ಉದ್ದ ನಾಲ್ಕು ಸೆಂಟಿಮೀಟರ್ ಮೀರುವುದು ಅಪರೂಪವಾದರೂ ಓಟ ಬಹಳ. ಆದ್ದರಿಂದ ಗಿಡಗಳನ್ನು ಹಿಂಬದಿಗೂ ಎರಡು ಪಕ್ಕಗಳಿಗೂ ಸರಿಸಿ, ಮುಂದೆ ಉದ್ದಕ್ಕೂ ಈಜುವ ಜಾಗ ಬಿಡಬೇಕು. ವ್ಯಾಲಿಸ್ನೇರಿಯದ ನೀಳ ಎಲೆಗಳು ಇದಕ್ಕೆ ಹೇಳಿಮಾಡಿಸಿದಂತಿವೆ, ಮೀನು ಅವುಗಳ ನಡುವೆ ನುಗ್ಗಿ ಹೊರಬರಬಲ್ಲದು, ಎಲೆಗೆ ಪೆಟ್ಟಾಗುವುದಿಲ್ಲ. ಇವು ಬೆಳಕು ಬಿದ್ದೊಡನೆ ಅಂಟಿಲ್ಲದ ಮೊಟ್ಟೆಗಳನ್ನು ಚೆಲ್ಲುತ್ತವೆ. ಮೊಟ್ಟೆ ತಳಕ್ಕೆ ಇಳಿಯುತ್ತದೆ, ಸಿಕ್ಕಿದರೆ ತಾಯಿತಂದೆಗಳೇ ತಿನ್ನುತ್ತವೆ. ಒಂದು ಮೂಲೆಯಲ್ಲಿ ಜಾವಾ ಮಾಸ್ ಎಂಬ ಹಾವಸೆ ಜಾತಿಯ ಗಿಡ ದಟ್ಟವಾಗಿ ಹಬ್ಬಿದ್ದರೆ ಅದರೊಳಗೆ ಬಿದ್ದ ಮೊಟ್ಟೆಗಳು ಉಳಿದು, ಎರಡು-ಮೂರು ದಿನಗಳಲ್ಲಿ ಒಡೆಯುತ್ತವೆ. ಗಡಸು ನೀರು, ಮೆದು ನೀರು ಎರಡನ್ನೂ ತಾಳುವ ಈ ಮೀನನ್ನು ಹೊಸಬರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ.

ಹನಿ ಗೌರಾಮಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಇದು ಸಂಕೋಚದ, ನಿಧಾನದ ಮೀನು. ಕಿವಿರಿನ ಮೇಲಿರುವ ವಿಶೇಷ ಅಂಗದಿಂದ ಮೇಲ್ಮೈಯ ಗಾಳಿಯನ್ನೂ ಉಸಿರಾಡುತ್ತದೆ. ಗಂಡು ಮೇಲ್ಮೈಯಲ್ಲಿ ಗುಳ್ಳೆಗಳ ಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುತ್ತದೆ. ಅದಕ್ಕೆ ಬೇಕಾದದ್ದು ತೇಲುವ ಗಿಡ, ಮೆಲ್ಲನೆಯ ಹರಿವು, ಮಂದ ಬೆಳಕು. ನಮ್ಮ ದೇಶದ್ದೇ ಆದ ಸೆರಟಾಪ್ಟೆರಿಸ್ ಎಂಬ ನೀರುಜರಿಯನ್ನು, ಅಂಗಡಿಯವರು ವಾಟರ್ ಸ್ಪ್ರೈಟ್ ಎನ್ನುವುದನ್ನು, ನೆಡದೆ ತೇಲಬಿಟ್ಟರೆ ಅದರ ಎಲೆಗಳು ಗೂಡಿಗೆ ಆಧಾರವಾಗುತ್ತವೆ, ಇಳಿಬಿದ್ದ ಬೇರುಗಳ ನಡುವೆ ಮರಿಗಳಿಗೆ ಸೂಕ್ಷ್ಮ ಆಹಾರ ಸಿಗುತ್ತದೆ. ಕೆಳಗೆ ನೆರಳಾಗುವುದರಿಂದ ಅಲ್ಲಿ ಕ್ರಿಪ್ಟೊಕೊರೈನ್‌ನಂಥ ಮಂದ ಬೆಳಕಿನ ಗಿಡಗಳನ್ನೇ ನೆಡಬೇಕು. ತೊಟ್ಟಿಗೆ ಮುಚ್ಚಳವಿರಲಿ, ನೀರಿನ ಮೇಲಣ ಗಾಳಿ ಬೆಚ್ಚಗೂ ತೇವವಾಗಿಯೂ ಇರಬೇಕು. ಹನಿ ಗೌರಾಮಿಯನ್ನು ಡೇನಿಯೊಗಳ ಗುಂಪಿನೊಡನೆ ಇಟ್ಟರೆ ಅದು ದಿನವಿಡೀ ಬೆದರಿ ಮರೆಯಲ್ಲೇ ಉಳಿಯುತ್ತದೆ. ಇಬ್ಬರಿಗೂ ನೀರು ಒಗ್ಗುತ್ತದೆ, ಸ್ವಭಾವ ಒಗ್ಗುವುದಿಲ್ಲ.

ಪಶ್ಚಿಮ ಘಟ್ಟದ ಕುಬ್ಜ ಪಫರ್ ನನಗೆ ಬಹಳ ಪ್ರಿಯವಾದ ಮೀನು. 1941ರಲ್ಲಿ ಕೇರಳದ ಪಂಪಾ ನದಿಯಿಂದ ವರ್ಣಿತವಾದ ಇದು ಮೂರು ಸೆಂಟಿಮೀಟರಿನ ಆಸುಪಾಸಿನ ಜೀವಿ. ಕಣ್ಣುಗಳನ್ನು ಬೇರೆ ಬೇರೆಯಾಗಿ ಹೊರಳಿಸಿ ನೋಡುತ್ತ, ನೀರಿನಲ್ಲಿ ನಿಂತಲ್ಲೇ ನಿಂತು ಬೇಟೆಯನ್ನು ಅಳೆಯುತ್ತದೆ. ಬಸವನಹುಳು ಇದರ ಮೆಚ್ಚಿನ ಆಹಾರ. ಗಿಡವನ್ನು ಇದು ಮುಟ್ಟುವುದಿಲ್ಲ, ಆದರೆ ಗಿಡವಿಲ್ಲದೆ ಇದನ್ನು ಸಾಕಲೇಬಾರದು. ಗಂಡುಗಳು ಒಂದನ್ನೊಂದು ಕಂಡರೆ ಕಚ್ಚಾಡುತ್ತವೆ. ನೋಟಕ್ಕೆ ಅಡ್ಡವಾಗುವಂತೆ ಹೈಗ್ರೊಫಿಲ, ಕ್ರಿಪ್ಟೊಕೊರೈನ್, ಮಾಸ್‌ಗಳನ್ನು ತೆರೆ ತೆರೆಯಾಗಿ ತುಂಬಿದರೆ ಪ್ರತಿಯೊಂದಕ್ಕೂ ತನ್ನದೇ ಮೂಲೆ ಸಿಗುತ್ತದೆ, ಜಗಳ ತಗ್ಗುತ್ತದೆ, ಮಾಸ್‌ನಲ್ಲಿ ಮೊಟ್ಟೆಯನ್ನೂ ಇಡುತ್ತವೆ. ಉದ್ದ ಬಾಲದ ಗಪ್ಪಿಯನ್ನು ಇದರೊಡನೆ ಬಿಡುವುದು ಕ್ರೌರ್ಯ, ಎರಡೇ ದಿನದಲ್ಲಿ ಬಾಲ ಚಿಂದಿಯಾಗುತ್ತದೆ. ನಿಸರ್ಗದಲ್ಲಿ ಇದರ ಸ್ಥಿತಿ ಅಪಾಯದಂಚಿನದು. ಆದ್ದರಿಂದ ತೊಟ್ಟಿಯಲ್ಲೇ ಹುಟ್ಟಿದ ಮರಿಗಳನ್ನು ಕೇಳಿ ತೆಗೆದುಕೊಳ್ಳಿ. ಹೊಳೆಯ ಕ್ರಿಪ್ಟೊಕೊರೈನ್‌ಗೂ ಇದೇ ಮಾತು ಸಲ್ಲುತ್ತದೆ, ಅದನ್ನು ಹೊಳೆಯಿಂದ ಕೀಳಬೇಡಿ.

ಗಪ್ಪಿ ಗಡಸು ನೀರನ್ನೇ ಇಷ್ಟಪಡುವ ಮೀನು. ಸೊಳ್ಳೆ ಮರಿಗಳ ನಿಯಂತ್ರಣಕ್ಕೆಂದು ನಮ್ಮ ಹಳ್ಳಿಗಳ ಬಾವಿಗಳಿಗೂ ಅದನ್ನು ಬಿಟ್ಟದ್ದುಂಟು. ಅದಕ್ಕೆ ಹಾರ್ನ್‌ವರ್ಟ್ ಸರಿಯಾದ ಜೊತೆ. ಎರಡಕ್ಕೂ ಬೋರ್‌ವೆಲ್ ನೀರು ಹಿಡಿಸುತ್ತದೆ, ಮರಿಗಳು ಅದರ ಸೂಜಿಯಂಥ ಎಲೆಗಳಲ್ಲಿ ಅವಿತು ದೊಡ್ಡವುಗಳ ಬಾಯಿಂದ ತಪ್ಪಿಸಿಕೊಳ್ಳುತ್ತವೆ. ಅಮೆಜಾನ್ ಪ್ರದೇಶದ ನಿಯಾನ್ ಟೆಟ್ರಾ ಸುಣ್ಣವೇ ಇಲ್ಲದಷ್ಟು ಮೆದುವಾದ, ಆಮ್ಲೀಯ ನೀರಿನದು. ಫಾರ್ಮಿನಲ್ಲಿ ಬೆಳೆದವು ಸ್ವಲ್ಪ ಗಡಸನ್ನು ಸಹಿಸುತ್ತವೆ ಎಂಬುದು ದಿಟ, ಆದರೂ ಗಪ್ಪಿಯನ್ನೂ ನಿಯಾನನ್ನೂ ಒಂದೇ ತೊಟ್ಟಿಗೆ ಹಾಕಿದರೆ ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯವಾಗುತ್ತದೆ. ಮಳೆನೀರನ್ನು ಹಿಡಿದಿಟ್ಟುಕೊಳ್ಳುವ ಮನೆಯವರು ಅದನ್ನು ನಲ್ಲಿ ನೀರಿಗೆ ಬೆರೆಸಿ ನಿಯಾನ್‌ಗಳಿಗೆ ತಕ್ಕ ನೀರನ್ನು ಮಾಡಿಕೊಳ್ಳಬಹುದು. ಆ ನೀರಿಗೆ ಕ್ರಿಪ್ಟೊಕೊರೈನ್ ಮತ್ತು ಮಾಸ್‌ಗಳು ಚೆನ್ನಾಗಿ ಹೊಂದುತ್ತವೆ.

ರೋಸಿ ಬಾರ್ಬ್ ಎಳೆಯ, ಮೆತ್ತನೆಯ ಎಲೆಗಳನ್ನು ಕಿತ್ತು ತಿನ್ನುತ್ತದೆ. ಅದಕ್ಕೆ ಪಶ್ಚಿಮ ಆಫ್ರಿಕಾದ ಅನುಬಿಯಾಸ್, ಆಗ್ನೇಯ ಏಷ್ಯಾದ ಜಾವಾ ಫರ್ನ್‌ಗಳಂಥ ಒರಟು ಎಲೆಯ ಗಿಡಗಳೇ ಸರಿ. ಇವೆರಡರ ಅಡ್ಡಕಾಂಡವನ್ನು ಮರಳಿನಲ್ಲಿ ಹೂಳಿದರೆ ಕೊಳೆಯುತ್ತದೆ, ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಬೇಕು. ತಳವನ್ನು ಮೂಸುತ್ತ ತಿರುಗುವ ಕೋರಿಡೊರಾಸ್, ಕೂಲಿ ಲೋಚ್‌ಗಳಿಗೆ ನಯವಾದ ಮರಳು ಬೇಕು. ಚೂಪಂಚಿನ ಎಂ-ಸ್ಯಾಂಡ್ ಅವುಗಳ ಮೀಸೆಗಳಿಗೆ ಒಳ್ಳೆಯದಲ್ಲ. ಹೊಸದಾಗಿ ನೆಟ್ಟ ಸಣ್ಣ ಗಿಡಗಳನ್ನು ಅವು ಎಬ್ಬಿಸುವುದರಿಂದ, ಬೇರು ಹಿಡಿಯುವವರೆಗೆ ಅವನ್ನು ತರುವುದು ಬೇಡ.

ಮಿಸ್ ಕೇರಳ ಎಂಬ ಮೀನನ್ನು ಎರಡು ಅಡಿ ತೊಟ್ಟಿಯಲ್ಲಿ ಸಾಕಬಹುದೇ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಸಾಕಬಾರದು. 2013ರಲ್ಲಿ ನಮ್ಮ ಬೆಟ್ಟಸಾಲಿನ ಹೆಸರಿನಿಂದಲೇ ಸಹ್ಯಾದ್ರಿಯ ಎಂಬ ಕುಲಕ್ಕೆ ಸೇರಿಸಲಾದ ಆ ಮೀನು ಹತ್ತು ಸೆಂಟಿಮೀಟರನ್ನು ಮೀರಿ ಬೆಳೆಯುತ್ತದೆ, ಗುಂಪಿನಲ್ಲೇ ಬಾಳುತ್ತದೆ, ಹರಿಯುವ ತಂಪು ನೀರನ್ನು ಬಯಸುತ್ತದೆ. ಮೇಲಾಗಿ ಅದು ಅಳಿವಿನ ಭೀತಿಯಲ್ಲಿರುವ ಮೀನು. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಬೇಕೇ ಎಂದು ಇನ್ನೊಬ್ಬರು ಕೇಳಿದರು. ನಾನು ಹೇಳಿದ ಗಿಡಗಳಲ್ಲಿ ರೊಟಾಲ ಮ್ಯಾಕ್ರಾಂಡ್ರ ಒಂದನ್ನು ಬಿಟ್ಟರೆ ಯಾವುದಕ್ಕೂ ಅದು ಅನಿವಾರ್ಯವಲ್ಲ. ಕೊಡುವುದಾದರೆ ಲೀಟರಿಗೆ 30 ಮಿಲಿಗ್ರಾಂ ದಾಟಗೊಡಬೇಡಿ, ದೀಪವಾರಿದಾಗ ಅದನ್ನೂ ನಿಲ್ಲಿಸಿ.

ಇನ್ನು ಮಾಡುವ ಕ್ರಮ. ಮರಳು ಹಾಸಿ, ಕ್ಲೋರಿನ್ ತೆಗೆದ ನೀರು ತುಂಬಿ, ಮೊದಲ ದಿನವೇ ಗಿಡಗಳನ್ನು ಧಾರಾಳವಾಗಿ ನೆಡಿ. ಅವುಗಳಲ್ಲಿ ಅರ್ಧದಷ್ಟಾದರೂ ಬೇಗ ಬೆಳೆಯುವಂಥವು ಇರಲಿ. ದೀಪ ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು. ಮೂರು-ನಾಲ್ಕು ವಾರಗಳಲ್ಲಿ ಹೊಸ ಎಲೆಗಳು ಬಂದು, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಎಂದು ಪರೀಕ್ಷೆ ತೋರಿಸಿದಾಗ ಮೊದಲ ಐದಾರು ಸಣ್ಣ ಮೀನುಗಳನ್ನು ಬಿಡಿ. ಇನ್ನೆರಡು ವಾರ ನೋಡಿ, ನೀರು ಸರಿಯಾಗಿದ್ದರೆ ಮತ್ತಷ್ಟು ತರಬಹುದು. ಎರಡು ಅಡಿ ತೊಟ್ಟಿಯಲ್ಲಿ ಡೇನಿಯೊದಂಥ ಹನ್ನೆರಡು ಮೀನುಗಳು ನೆಮ್ಮದಿಯಾಗಿ ಇರುತ್ತವೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದನ್ನು ಗಿಡಗಳಿವೆ ಎಂಬ ನೆಪದಿಂದ ನಿಲ್ಲಿಸಬೇಡಿ.

ಗಿಡಗಳು ಚೆನ್ನಾಗಿ ಬೆಳೆದರೆ ವಾರವಾರವೂ ಕತ್ತರಿಸಬೇಕಾಗುತ್ತದೆ. ಕತ್ತರಿಸಿದ್ದನ್ನು ಚರಂಡಿಗಾಗಲಿ ಕೆರೆಗಾಗಲಿ ಎಸೆಯಬೇಡಿ. ಹೊರಗಿನಿಂದ ಬಂದ ಸಾಲ್ವಿನಿಯ ಮತ್ತು ಕತ್ತೆಕಿವಿ ಕಳೆಗಳು ನಮ್ಮ ಕೆರೆಗಳನ್ನು ಹೇಗೆ ಮುಚ್ಚಿಬಿಡುತ್ತವೆಂದು ಎಲ್ಲರೂ ಕಂಡಿದ್ದೇವೆ, ಒಂದು ಸಣ್ಣ ತುಂಡಿನಿಂದಲೂ ಅಂಥ ಗಿಡ ಹಬ್ಬಬಲ್ಲದು. ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ, ಹೂಕುಂಡದ ಗೊಬ್ಬರಕ್ಕೆ ಬಳಸಿ. ಸಾಕಲು ಆಗದ ಮೀನುಗಳನ್ನು ಇನ್ನೊಬ್ಬ ಆಸಕ್ತರಿಗೋ ಅಂಗಡಿಗೋ ಕೊಡಿ, ಯಾವ ಕಾರಣಕ್ಕೂ ಹೊಳೆಗೆ ಬಿಡಬೇಡಿ.